ಮೂರು ಕೊಟೇಷನ್, ಮೂರು ತೆಂಗಿನಕಾಯಿ

ಒಬ್ಬ ಮನುಷ್ಯ ತನ್ನ ಸ್ವಂತ ದುಡ್ಡಿನಲ್ಲಿ ಒಂದು ಲ್ಯಾಪ್‌ಟಾಪ್ ಕೊಳ್ಳಲು ಹೊರಟರೆ ಊರಿನವರಿಗೆ ಏನು ನಷ್ಟ? ಜಯನಗರ ಒಂಬತ್ತನೇ ಬ್ಲಾಕಿನಲ್ಲಿ ಈ ಪ್ರಶ್ನೆಗೆ ಇದುವರೆಗೆ ಯಾರೂ ನನಗೆ ಉತ್ತರ ಕೊಟ್ಟಿಲ್ಲ. ಕೇಳಿದರೆ ನಗುತ್ತಾರೆ. ತರಕಾರಿ ಗಾಡಿಯ ಬೈರಣ್ಣ ಕೂಡ ನನ್ನನ್ನು ಕಂಡ ಕೂಡಲೇ ತೆಂಗಿನಕಾಯಿ ಬೇಕಾ ಸಾರ್ ಎಂದು ಕೇಳಿ ಮುಖ ಆ ಕಡೆ ತಿರುಗಿಸುತ್ತಾನೆ. ಆದ್ದರಿಂದ ನಡೆದದ್ದನ್ನು ನಡೆದ ಹಾಗೆಯೇ ಬರೆದಿಡುತ್ತಿದ್ದೇನೆ. ತಪ್ಪು ಯಾರದೆಂದು ಓದಿದವರು ಹೇಳಲಿ.

ನನ್ನ ಹೆಸರು ಪರಮಶಿವಯ್ಯ. ಅಂಗಡಿಗಳ ತಕ್ಕಡಿ, ತೂಕದ ಬಟ್ಟು, ಲೀಟರಿನ ಪಾತ್ರೆ ಇವನ್ನೆಲ್ಲ ಪರೀಕ್ಷೆ ಮಾಡುವ ಸರ್ಕಾರಿ ಕಚೇರಿಯಲ್ಲಿ, ಇದೆಲ್ಲ ನಡೆದಾಗ, ಇಪ್ಪತ್ತೊಂಬತ್ತು ವರ್ಷದ ಸರ್ವೀಸು. ಅಷ್ಟು ವರ್ಷದಲ್ಲಿ ಕಲಿತದ್ದು ಎರಡೇ ಪಾಠ. ಡಬ್ಬದ ಮೇಲೆ ಬರೆದದ್ದನ್ನು ನಂಬಬಾರದು. ಮೂರು ಕೊಟೇಷನ್ ಇಲ್ಲದೆ ಒಂದು ಪೊರಕೆಯನ್ನೂ ಕೊಳ್ಳಬಾರದು. ಇದರ ಜೊತೆಗೆ ನನಗೊಂದು ಸಿಟ್ಟಿದೆ, ಅದನ್ನೂ ಇಲ್ಲೇ ಹೇಳಿಬಿಡುತ್ತೇನೆ. ಜನ ಕೊಟ್ಟ ಅರ್ಜಿಯನ್ನು ಓದದೆ ಕೊಳೆಹಾಕುವ ಅಧಿಕಾರಿಗಳನ್ನು ಕಂಡರೆ ನನಗೆ ಮೈಯೆಲ್ಲ ಉರಿಯುತ್ತದೆ. ನಮ್ಮ ಮನೆಯ ಮುಂದಿನ ಬೀದಿದೀಪ ಕೆಟ್ಟಾಗ ನಾನು ಕೊಟ್ಟ ಅರ್ಜಿ ಇಪ್ಪತ್ತೆರಡು ದಿನ ಯಾರದೋ ಮೇಜಿನ ಮೇಲೆ ಮಲಗಿತ್ತು. ಅಂಥವನನ್ನು ಅದೇ ದೀಪದ ಕಂಬಕ್ಕೆ ಕಟ್ಟಬೇಕು ಎಂದು ನಾನು ಪತ್ರಿಕೆಗೆ ಬರೆದೆ. ಅವರು ಕಂಬದ ಮಾತನ್ನು ತೆಗೆದು ಉಳಿದದ್ದನ್ನು ಹಾಕಿದರು. ಹೆಂಡತಿ ಮೀನಾಕ್ಷಮ್ಮನಿಗೆ ಮತ್ತು ಮಗಳು ಐಶ್ವರ್ಯಳಿಗೆ ಕಂಬದ ಮಾತನ್ನು ನಾನೇ ಗಟ್ಟಿಯಾಗಿ ಓದಿ ಹೇಳಿದ್ದೆ. ಆಗ ಹೇಳದೆ ಇದ್ದಿದ್ದರೆ ಚೆನ್ನಾಗಿತ್ತು.

ಎರಡು ಸಾವಿರದ ಐದನೇ ಇಸವಿಯ ಮಾತು. ಐಶ್ವರ್ಯ ಆರ್ಕಿಟೆಕ್ಚರ್ ಕೊನೆಯ ವರ್ಷದಲ್ಲಿದ್ದಳು. ಸಾರಕ್ಕಿ ಮಾರುಕಟ್ಟೆಗೆ ಒಂದು ಹೊಸ ಕಟ್ಟಡದ ನಕ್ಷೆ ತಯಾರಿಸಿ ಮೇ ಹತ್ತರೊಳಗೆ ಕಾಲೇಜಿಗೆ ಕೊಡಬೇಕಿತ್ತು. ಕೊಡದಿದ್ದರೆ ಒಂದು ವರ್ಷ ಹೋಯಿತು ಎಂದೇ ಲೆಕ್ಕ. ಕಾಲೇಜಿನಲ್ಲಿ ನಾಲ್ಕು ಜನಕ್ಕೆ ಒಂದು ಕಂಪ್ಯೂಟರು, ಅದಕ್ಕೂ ಸಂಜೆ ಐದಕ್ಕೆ ಬೀಗ. ಮನೆಯಲ್ಲೇ ಒಂದು ಲ್ಯಾಪ್‌ಟಾಪ್ ಇದ್ದರೆ ಮಾತ್ರ ಕೆಲಸ ಮುಗಿಯುತ್ತದೆ ಎಂದಳು. ನಾನು ಒಪ್ಪಿದೆ. ಐವತ್ತೈದು ಸಾವಿರ ಮೀರಬಾರದು ಎಂದಷ್ಟೇ ಹೇಳಿದೆ. ಮಾರನೆಯ ದಿನ ಕಚೇರಿಗೆ ಹೊರಡುವಾಗ ಅವಳು ನಾಲ್ಕಾಗಿ ಮಡಿಸಿದ ಒಂದು ಚೀಟಿಯನ್ನು ನನ್ನ ಕೈಗಿಟ್ಟಳು.

"ಎಲ್ಲಾ ಇದ್ರಲ್ಲಿ ಬರ್ದಿದ್ದೀನಿ ಅಪ್ಪಾಜಿ, ಒಂದ್ಸಲ ನೋಡಿ."

ನೋಡುತ್ತೇನೆ ಎಂದು ಜೇಬಿಗೆ ಹಾಕಿಕೊಂಡೆ.

ಮೊದಲು ನಾಲ್ಕನೇ ಬ್ಲಾಕಿನ ಒಂದು ಅಂಗಡಿಗೆ ಹೋದೆ. ಟೈ ಕಟ್ಟಿದ ಸೇಲ್ಸ್‌ಮನ್ನು ನಗುತ್ತ ಬಂದು, ನಿಮ್ಮ ಬಜೆಟ್ ಎಷ್ಟು ಸಾರ್, ನಿಮ್ಮ ಅಗತ್ಯ ಏನು ಎಂದು ಕೇಳಿದ. ನನಗೆ ರೇಗಿತು. ಬೈರಣ್ಣ ಎಂದಾದರೂ ನನ್ನ ಜೇಬಿನಲ್ಲಿ ಎಷ್ಟಿದೆ ಎಂದು ಕೇಳಿ ಬೆಂಡೆಕಾಯಿ ತೂಗಿದ್ದಾನೆಯೇ? ಬೆಂಡೆಕಾಯಿ ಯಾವ ಅಗತ್ಯಕ್ಕೆ ಎಂದು ಕೇಳಿದ್ದಾನೆಯೇ? ನಾನು ಮಾತನಾಡದೆ ಚೀಲದಿಂದ ಸ್ಪ್ರಿಂಗ್ ತಕ್ಕಡಿ ತೆಗೆದೆ. ಡಬ್ಬದ ಮೇಲೆ ಎರಡೂವರೆ ಕಿಲೋ ಎಂದು ಬರೆದಿತ್ತು, ಅದು ನಿಜವೇ ಎಂದು ನೋಡಬೇಕಿತ್ತು. ಸೇಲ್ಸ್‌ಮನ್ನು ಮ್ಯಾನೇಜರನ್ನು ಕರೆದ, ಮ್ಯಾನೇಜರು ವಾಚ್‌ಮನ್ನನ್ನು ಕರೆದ. ತೂಗಲು ಬಿಡದ ಅಂಗಡಿಯಲ್ಲಿ ವ್ಯಾಪಾರವಿಲ್ಲ ಎಂದು ಹೇಳಿ ನಾನೇ ಹೊರಗೆ ಬಂದೆ. ವಾಚ್‌ಮನ್ನು ಬಾಗಿಲ ತನಕ ಜೊತೆಗೆ ಬಂದದ್ದು ಕಾಕತಾಳೀಯ.

ಆಗ ನನಗೆ ಹೊಳೆಯಿತು. ಅಂಗಡಿಯ ಹೊಸ ಮಾಲನ್ನು ನೋಡಿ ಏನು ಪ್ರಯೋಜನ? ಬಳಸುತ್ತಿರುವವರ ಮನೆಗೇ ಹೋಗಿ ಪರೀಕ್ಷೆ ಮಾಡಬೇಕು. ಲ್ಯಾಪ್‌ಟಾಪ್ ಇರುವುದು ಸಾಫ್ಟ್‌ವೇರ್ ಹುಡುಗರ ಹತ್ತಿರ. ಅವರ ವಿಳಾಸ ಎಲ್ಲಿ ಸಿಗುತ್ತದೆ? ನಮ್ಮ ಕಚೇರಿಯ ದ್ಯಾಮಣ್ಣನ ಮೇಜಿನ ಮೇಲೆ ನಮ್ಮ ಸಮಾಜದ ಸಂಘದವರು ಅಚ್ಚು ಹಾಕಿಸಿದ ಒಂದು ಪುಸ್ತಕವಿತ್ತು. ಹುಡುಗನ ಹೆಸರು, ಕಂಪನಿ, ಹುದ್ದೆ, ಮನೆಯ ವಿಳಾಸ, ಫೋನ್ ನಂಬರು, ಎಲ್ಲವೂ ಬಡಾವಣೆವಾರು. ಇಷ್ಟು ಅಚ್ಚುಕಟ್ಟಾದ ಪಟ್ಟಿಯನ್ನು ನಮ್ಮ ಸರ್ಕಾರವೂ ಮಾಡಿಲ್ಲ.

ಹೌದು, ಅದು ವಧು-ವರರ ಪುಸ್ತಕ. ಅದು ನನಗೂ ಗೊತ್ತಿತ್ತು. ಹಾಗಾದರೆ ಟೆಲಿಫೋನ್ ಡೈರೆಕ್ಟರಿ ನೋಡಿ ಫೋನ್ ಮಾಡುವವರೆಲ್ಲ ಟೆಲಿಫೋನ್ ಕೊಳ್ಳಲು ಮಾಡುತ್ತಾರೆಯೇ? ಸ್ಕೂಟರಿನಲ್ಲಿ ಹೋಗಿಬರುವಷ್ಟು ದೂರದ ಮೂರು ಮನೆಗಳನ್ನು ಆರಿಸಿದೆ. ಬರೆದುಕೊಳ್ಳಲು ಕಾಗದ ಇರಲಿಲ್ಲ. ಜೇಬಿನಲ್ಲಿದ್ದ ಚೀಟಿಯ ಹಿಂಬದಿ ಖಾಲಿಯಿತ್ತು, ಅದರ ಮೇಲೆಯೇ ವಿಳಾಸ ಬರೆದುಕೊಂಡೆ.

ಮೊದಲನೆಯದು ಸಾರಕ್ಕಿ ಮಾರುಕಟ್ಟೆಯ ಹಿಂದಿನ ರುದ್ರಮ್ಮನವರ ಮನೆ. ನಿವೃತ್ತ ಮುಖ್ಯೋಪಾಧ್ಯಾಯಿನಿ, ಮಗನ ಹೆಸರು ಸುಮನ್. ಲ್ಯಾಪ್‌ಟಾಪ್ ನೋಡಲು ಬಂದಿದ್ದೇನೆ ಎಂದು ನಾನು ಹೊಸ್ತಿಲಲ್ಲೇ ಹೇಳಿದೆ. ಇದನ್ನು ಓದುಗರು ದಯವಿಟ್ಟು ನೆನಪಿಟ್ಟುಕೊಳ್ಳಬೇಕು. ಹೊಸ್ತಿಲಲ್ಲೇ ಹೇಳಿದೆ. ರುದ್ರಮ್ಮನವರು ತಲೆಯಾಡಿಸಿ, ನೋಡದೆ ಮುಂದುವರಿಯುವ ಕಾಲ ಇದಲ್ಲ ಬಿಡಿ ಎಂದರು. ಹಿಂದಿನ ವರ್ಷ ಬನಶಂಕರಿಯಲ್ಲಿ ಯಾರೋ ಒಬ್ಬ ಮದುವೆಗೆ ಮೊದಲು ಎಂಟು ತಿಂಗಳು ಲ್ಯಾಪ್‌ಟಾಪ್ ಬ್ಯಾಗು ಹೊತ್ತು ತಿರುಗಿದನಂತೆ. ಮದುವೆಯಾದ ಮೇಲೆ ನೋಡಿದರೆ ಅದರೊಳಗೆ ಊಟದ ಡಬ್ಬ ಮತ್ತು ಹಳೆಯ ಪೇಪರು. ಖಾಲಿ ಬ್ಯಾಗು ತೋರಿಸಿ ಮೋಸ ಮಾಡುವವರಿದ್ದಾರೆ ಎಂದು ನನಗೆ ಎಚ್ಚರಿಕೆ ಕೊಡುತ್ತಿದ್ದಾರೆ ಎಂದುಕೊಂಡು ನಾನು ಕೃತಜ್ಞತೆ ಹೇಳಿದೆ.

ಸುಮನ್ ಲ್ಯಾಪ್‌ಟಾಪ್ ತಂದಿಟ್ಟ. ಮೇಲೆ ಕಸೂತಿಯ ಬಟ್ಟೆ ಹೊದಿಸಿದ್ದರು. ಆ ಬಟ್ಟೆಯಲ್ಲೇ ಗಂಟು ಕಟ್ಟಿ ಸ್ಪ್ರಿಂಗ್ ತಕ್ಕಡಿಗೆ ನೇತುಹಾಕಿದೆ. ಎರಡು ಕಿಲೋ ಏಳುನೂರೈವತ್ತು ಗ್ರಾಂ. ಹುಡುಗನ ಮುಖ ಸಪ್ಪಗಾಯಿತು, ಆದರೆ ತಾಯಿಗೆ ನನ್ನ ಮೇಲೆ ಗೌರವ ಹೆಚ್ಚಿತು. ಇದು ಸ್ವಂತದ್ದೋ ಕಂಪನಿಯದೋ ಎಂದು ಕೇಳಿದೆ. ಕಂಪನಿ ಕೊಟ್ಟದ್ದು ಎಂದರು, ಅದರ ಜೊತೆಗೆ ಸಂಬಳವನ್ನೂ ಹೇಳಿದರು. ನಾನು ಸಂಬಳ ಬರೆದುಕೊಳ್ಳಲಿಲ್ಲ, ತೂಕ ಮಾತ್ರ ಬರೆದುಕೊಂಡೆ. ಮಗಳು ಏನು ಓದುತ್ತಿದ್ದಾಳೆ ಎಂದು ವಿಚಾರಿಸಿದರು. ನಕ್ಷತ್ರವನ್ನೂ ಕೇಳಿದರು. ಖರೀದಿಗೆ ಒಳ್ಳೆಯ ದಿನ ನೋಡಿ ಹೇಳುತ್ತಾರೆ, ಎಷ್ಟು ಕಾಳಜಿಯ ಹೆಂಗಸು ಎಂದುಕೊಂಡು ಉತ್ತರಾ ಎಂದೆ. ಹೊರಡುವಾಗ ತಟ್ಟೆಯಲ್ಲಿ ವೀಳ್ಯದೆಲೆ, ಅಡಿಕೆ, ಒಂದು ತೆಂಗಿನಕಾಯಿ ಇಟ್ಟು ಕೊಟ್ಟರು. ಇನ್ನೂ ಎರಡು ಕಡೆ ನೋಡಿ ಹೇಳುತ್ತೇನೆ ಎಂದೆ. ಅವರ ಮುಖ ಸ್ವಲ್ಪ ಬಿಗಿಯಾಯಿತು. ಸರ್ಕಾರಿ ನಿಯಮ ಎಲ್ಲರಿಗೂ ರುಚಿಸುವುದಿಲ್ಲ.

ಎರಡನೆಯದು ಬಿಟಿಎಂ ಲೇಔಟಿನಲ್ಲಿ, ಬಾಗಲಕೋಟೆ ಕಡೆಯಿಂದ ನಾಲ್ಕು ವರ್ಷದ ಹಿಂದೆ ಬಂದು ಬಾಡಿಗೆಗಿದ್ದ ಭೀಮಪ್ಪನವರ ಮನೆ. ಅವರಿಗೆ ಬೊಮ್ಮನಹಳ್ಳಿಯ ಒಂದು ಗಾರ್ಮೆಂಟ್ಸ್ ಕಾರ್ಖಾನೆಯಲ್ಲಿ ಕೆಲಸ. ಹೆಂಡತಿ ರೇಣವ್ವ, ಮಗ ಮುತ್ತುರಾಜ.

"ಬರ್ರಿ, ಕೂಡ್ರಿ. ಮದಲ ಚಾ ಕುಡೀರಿ, ಆಮ್ಯಾಲೆ ಹುಡುಗನ್ನ ಕರಸ್ತೀನಿ," ಎಂದರು ಭೀಮಪ್ಪ.

ಹುಡುಗ ಬೇಡ, ಲ್ಯಾಪ್‌ಟಾಪ್ ಕಳಿಸಿದರೆ ಸಾಕು ಎಂದೆ. ಭೀಮಪ್ಪನವರು ಕುರ್ಚಿ ಹಿಡಿದುಕೊಂಡು ನಕ್ಕರು. ಇಂಥ ತಮಾಷೆಯ ಮನುಷ್ಯರನ್ನು ಬೆಂಗಳೂರಿಗೆ ಬಂದ ಮೇಲೆ ನೋಡಿಯೇ ಇರಲಿಲ್ಲವಂತೆ. ನಾನು ತಮಾಷೆ ಮಾಡಿರಲಿಲ್ಲ. ಕರೆಂಟು ಹೋದರೆ ಇದು ಎಷ್ಟು ಹೊತ್ತು ನಡೆಯುತ್ತದೆ ಎಂದು ಕೇಳಿದೆ. ಅವರು ಎದ್ದು ಹೋಗಿ ಮನೆಯ ಮೇನ್ ಸ್ವಿಚ್ಚನ್ನೇ ಆರಿಸಿಬಿಟ್ಟರು, ನೀವೇ ನೋಡಿ ಎಂದು. ಮಾರ್ಚ್ ತಿಂಗಳ ಮಧ್ಯಾಹ್ನ. ಫ್ಯಾನು ನಿಂತಿತು. ಬ್ಯಾಟರಿ ಮುಗಿಯುವ ತನಕ ಎರಡು ಗಂಟೆ ಹತ್ತು ನಿಮಿಷ ನಾವೆಲ್ಲ ಬೆವರು ಒರೆಸಿಕೊಳ್ಳುತ್ತ ಕೂತೆವು. ಅಷ್ಟರಲ್ಲಿ ಭೀಮಪ್ಪನವರು ತಮ್ಮ ಮನೆತನವನ್ನು ಮುತ್ತಜ್ಜನಿಂದ ಹಿಡಿದು ಮುತ್ತುರಾಜನ ತನಕ ಹೇಳಿ ಮುಗಿಸಿದರು. ಬರುವಾಗ ರೇಣವ್ವ ತೆಂಗಿನಕಾಯಿಯ ಜೊತೆಗೆ ಮನೆಯವರಿಗೆ ಎಂದು ಒಂದು ಖಣ, ರವಿಕೆಯ ಬಟ್ಟೆ, ಕೊಟ್ಟರು.

ಮೂರನೆಯದು ಬನಶಂಕರಿ ಎರಡನೇ ಹಂತ. ಹುಡುಗ ರವಿಕುಮಾರ, ಅವನ ತಂದೆ, ಮತ್ತು ಆ ಮನೆಯಲ್ಲಿ ಎಲ್ಲ ಮಾತನ್ನೂ ಕೊನೆಗೊಳಿಸುವ ಅವನ ಅಜ್ಜಿ ಅಕ್ಕಯಮ್ಮ. ಈ ರವಿಕುಮಾರನೊಬ್ಬ ತಲೆಹರಟೆ. ನಾನು ತೂಗುತ್ತಿರುವಾಗ, ನಿಮ್ಮ ಮಗಳು ಇದರಲ್ಲಿ ಏನು ಕೆಲಸ ಮಾಡುತ್ತಾರೆ ಅಂಕಲ್ ಎಂದು ಕೇಳಿದ. ಎಲ್ಲರೂ ಮಾಡುವುದನ್ನೇ ಮಾಡುತ್ತಾಳೆ ಎಂದೆ. ಅವನು ಬಿಡಲಿಲ್ಲ, ಯಾವ ಸಾಫ್ಟ್‌ವೇರ್ ಎಂದು ಮತ್ತೆ ಕೇಳಿದ. ಬ್ಯಾಟರಿ ತೆಗೆದು ತೋರಿಸಪ್ಪ ಎಂದು ಅವನ ಬಾಯಿ ಮುಚ್ಚಿಸಿದೆ. ಅಕ್ಕಯಮ್ಮ ಇಷ್ಟು ಹೊತ್ತೂ ನನ್ನನ್ನೇ ನೋಡುತ್ತಿದ್ದವರು, ಇವರು ಗಟ್ಟಿ ಮನುಷ್ಯರು ಎಂದು ತೀರ್ಪು ಕೊಟ್ಟು, ತೆಂಗಿನಕಾಯಿ ಕೊಟ್ಟು, ಶಾಲು ಹೊದಿಸಿ ಕಳಿಸಿದರು.

ಮೊದಲನೆಯ ಕಾಯಿ ಬಂದಾಗ ಮೀನಾಕ್ಷಮ್ಮ ಏನೂ ಹೇಳದೆ ಚಟ್ನಿ ಮಾಡಿದಳು. ಖಣ ಬಂದಾಗ ಅದನ್ನು ಎರಡು ಸಲ ತಿರುಗಿಸಿ ನೋಡಿದಳು.

"ಲ್ಯಾಪ್‌ಟಾಪ್ ತೋರ್ಸಿ ಯಾರಾದ್ರೂ ಖಣ ಕೊಡ್ತಾರೇನ್ರೀ?"

ಅದು ಅವರ ಸಂಸ್ಕಾರ ಎಂದು ನಾನು ವಿವರಿಸಿದೆ. ಶಾಲು ಬಂದ ದಿನ ಅವಳು ಏನನ್ನೂ ಕೇಳಲಿಲ್ಲ. ಖಣವನ್ನು ದರ್ಜಿಗೆ ಕೊಟ್ಟಳು, ಪರದೆಗಳನ್ನು ಒಗೆದಳು, ಪಕ್ಕದ ಮನೆಯ ಕಮಲಾದೇವಿಯ ಜೊತೆ ಕಾಂಪೌಂಡಿನ ಮೇಲೆ ಅರ್ಧ ಅರ್ಧ ಗಂಟೆ ಪಿಸುಗುಟ್ಟಿದಳು. ಯುಗಾದಿ ಹತ್ತಿರ ಬಂತಲ್ಲ, ಅದಕ್ಕೆ ಸಡಗರ ಎಂದುಕೊಂಡೆ. ಒಂದು ದಿನ ಊಟಕ್ಕೆ ಬಡಿಸುತ್ತ, ಲ್ಯಾಪ್‌ಟಾಪಿನ ದುಡ್ಡನ್ನು ಸದ್ಯಕ್ಕೆ ಹಾಗೇ ಇಟ್ಟಿರಿ ಎಂದಳು. ಯಾಕೆ ಎಂದೆ.

"ಮದುವೆ ಆದ್ಮೇಲೆ ಅವ್ರ ಮನೇಲೇ ಒಂದು ಇರತ್ತಲ್ಲ. ಸುಮ್ನೆ ಎರಡೆರಡು ಯಾಕೆ?"

ಎರಡು ವರ್ಷದಿಂದ ಅವಳು ಯಾವ ಮಾತು ಎತ್ತಿದರೂ ಅದನ್ನು ಮಗಳ ಮದುವೆಗೇ ತಂದು ಮುಟ್ಟಿಸುತ್ತಿದ್ದಳು. ಇದೂ ಹಾಗೆಯೇ ಎಂದು ನಾನು ಸಾರಿನ ಅನ್ನ ಕಲಸಿದೆ. ಎದುರಿಗೆ ಕೂತಿದ್ದ ಐಶ್ವರ್ಯ ಮಾತ್ರ ತುತ್ತು ಎತ್ತಲಿಲ್ಲ. ಏಪ್ರಿಲ್‌ನಿಂದ ಜೂನಿಯರ್‌ಗಳ ಪರೀಕ್ಷೆ ಎಂದು ಕಾಲೇಜಿನ ಕಂಪ್ಯೂಟರು ಇವರಿಗೆ ದಿನಕ್ಕೆ ಒಂದೇ ಗಂಟೆ ಸಿಗುತ್ತದಂತೆ. ನಕ್ಷೆ ಕಾಲು ಭಾಗವೂ ಆಗಿಲ್ಲವಂತೆ. ಆ ಚೀಟಿ ನೋಡಿದಿರಾ ಎಂದು ಕೇಳಿದಳು. ಅದಕ್ಕೆ ಮೊದಲೂ ಎರಡು ಸಲ ಕೇಳಿದ್ದಳು.

"ಪರಿಶೀಲನೆಯಲ್ಲಿದೆ," ಎಂದೆ.

ಈಗ ಉಳಿದದ್ದು ಕೊನೆಯ ಹಂತ. ಕಚೇರಿಯಲ್ಲಿ ಮೂರು ಕೊಟೇಷನ್ ಬಂದ ಮೇಲೆ ಮೂರೂ ಮಾದರಿಗಳನ್ನು ಒಂದೇ ಮೇಜಿನ ಮೇಲಿಟ್ಟು ಹೋಲಿಸಬೇಕು. ಅದಕ್ಕೆಂದೇ ಮೂರು ಮನೆಗೂ ಫೋನ್ ಮಾಡಿದೆ. ಯುಗಾದಿಯ ಮಾರನೆಯ ದಿನ ಭಾನುವಾರ, ಹುಡುಗ ಲ್ಯಾಪ್‌ಟಾಪ್ ತೆಗೆದುಕೊಂಡು ಬರಲಿ, ಮಗಳೂ ಮನೆಯಲ್ಲಿರುತ್ತಾಳೆ, ಒಂದು ತೀರ್ಮಾನ ಮಾಡಿಬಿಡೋಣ ಎಂದೆ. ಮೂವರೂ ತಕ್ಷಣ ಒಪ್ಪಿದರು. ಬೆಂಗಳೂರಿನಲ್ಲಿ ಇನ್ನೂ ಪರೋಪಕಾರ ಉಳಿದಿದೆ ಎಂದು ನನಗೆ ಸಂತೋಷವಾಯಿತು.

ನಾನು ಬೆಳಿಗ್ಗೆಯಿಂದ ಸಂಜೆಯವರೆಗೆ ಯಾವಾಗ ಬೇಕಾದರೂ ಬನ್ನಿ ಎಂದಿದ್ದೆ. ಆದರೆ ಮೂರು ಮನೆಯವರೂ ಗೋಡೆಗೆ ನೇತುಹಾಕಿದ್ದು ಒಂದೇ ಕ್ಯಾಲೆಂಡರು. ಮಧ್ಯಾಹ್ನ ಹನ್ನೆರಡರಿಂದ ಯಮಗಂಡ ಕಾಲ, ಸಂಜೆ ರಾಹುಕಾಲ. ಹಾಗಾಗಿ ಹತ್ತೂವರೆಗೆ ಸರಿಯಾಗಿ ನಮ್ಮ ಬೀದಿಗೆ ಒಂದು ವ್ಯಾನು, ಎರಡು ಆಟೋ, ಒಂದು ಕಾರು ಒಟ್ಟಿಗೆ ನುಗ್ಗಿದವು. ಒಂದೊಂದು ಲ್ಯಾಪ್‌ಟಾಪಿನ ಜೊತೆ ಆರೇಳು ಜನ ಬಂದಿದ್ದರು. ಚಿಕ್ಕಪ್ಪಂದಿರು, ಅತ್ತೆಯರು, ಕೈಯಲ್ಲಿ ಹೂವಿನ ಪೊಟ್ಟಣ, ಹಣ್ಣಿನ ಬುಟ್ಟಿ. ಕಮಲಾದೇವಿ ಎಂಟು ಕುರ್ಚಿ ಕಳಿಸಿ, ಅವುಗಳ ಹಿಂದೆಯೇ ತಾನೂ ಬಂದಳು. ಮೀನಾಕ್ಷಮ್ಮ ರೇಣವ್ವ ಕೊಟ್ಟ ಖಣದ ರವಿಕೆ ತೊಟ್ಟು ಕಾಯಿ ಹೋಳಿಗೆ ಹಂಚಿದಳು. ಮೂವರು ಹುಡುಗರು ದಿವಾನದ ಮೇಲೆ ಮೂರು ಕಪ್ಪು ಬ್ಯಾಗು ತೊಡೆಯ ಮೇಲಿಟ್ಟುಕೊಂಡು ಸಾಲಾಗಿ ಕೂತರು.

ಭೀಮಪ್ಪನವರು ಹೋಳಿಗೆ ಮುರಿಯುತ್ತ ಪಕ್ಕದಲ್ಲಿದ್ದ ಸುಮನ್‌ನ ಚಿಕ್ಕಪ್ಪನನ್ನು, ನೀವು ಹುಡುಗಿಯ ಕಡೆಯವರೇ ಎಂದು ವಿಚಾರಿಸಿದರು. ಅಲ್ಲ, ಹುಡುಗನ ಕಡೆಯವರು ಎಂದರು ಅವರು.

"ಯಾವ ಹುಡುಗ್ರಿ?" ಎಂದರು ಭೀಮಪ್ಪ.

ಎಲ್ಲರೂ ದಿವಾನದ ಕಡೆ ನೋಡಿದರು. ಹುಡುಗರು ಒಬ್ಬರ ಬ್ಯಾಗನ್ನು ಒಬ್ಬರು ನೋಡಿದರು. ಏನೋ ಗೊಂದಲವಾಗಿದೆ, ಇದನ್ನು ತಿಳಿಗೊಳಿಸುವುದು ಮನೆಯ ಯಜಮಾನನ ಕರ್ತವ್ಯ ಎಂದು ನಾನು ಕಚೇರಿಯಿಂದ ತಂದಿಟ್ಟಿದ್ದ ದೊಡ್ಡ ತಕ್ಕಡಿಯನ್ನು ಟೀಪಾಯಿಯ ಮೇಲೆ ಇಟ್ಟೆ.

"ಯಾರೂ ಗಾಬರಿ ಆಗ್ಬೇಡಿ. ಮೂರನ್ನೂ ಪಕ್ಕಪಕ್ಕ ಇಟ್ಟು ನೋಡಿ ಒಂದನ್ನ ಆರಿಸ್ತೀನಿ. ಮೂರು ಕೊಟೇಷನ್ ಇಲ್ದೆ ನಾನು ಯಾವ್ದನ್ನೂ ತಗೊಳ್ಳೋನಲ್ಲ."

ಆಮೇಲೆ ಆದದ್ದನ್ನು ಕ್ರಮವಾಗಿ ಹೇಳುವುದು ಕಷ್ಟ. ಇಪ್ಪತ್ತು ಜನ ಒಟ್ಟಿಗೆ ಎದ್ದು ನಿಂತರು. ಒಬ್ಬರು ನನ್ನನ್ನು ಪೊಲೀಸಿಗೆ ಕೊಡಬೇಕು ಎಂದರು, ಇನ್ನೊಬ್ಬರು ಸಂಘದ ಪುಸ್ತಕದಿಂದ ನನ್ನ ಮನೆತನವನ್ನೇ ತೆಗೆಸಬೇಕು ಎಂದರು. ಪುಸ್ತಕದಲ್ಲಿ ನಾವು ಇರಲೇ ಇಲ್ಲ. ಮೂವತ್ತನಾಲ್ಕು ವರ್ಷ ಶಾಲೆ ನಡೆಸಿದ್ದೇನೆ, ಹುಡುಗರನ್ನು ಸಾಲಾಗಿ ಕೂರಿಸಿ ತಕ್ಕಡಿ ತಂದಿಟ್ಟವರನ್ನು ಕಂಡಿಲ್ಲ ಎಂದರು ರುದ್ರಮ್ಮ. ಒಂದು ಮನೆಯ ವೀಳ್ಯ ಹಿಡಿದ ಮೇಲೆ ಇನ್ನೊಂದು ಮನೆಯ ಮೆಟ್ಟಿಲು ಹತ್ತಬಾರದು ಎಂಬುದು ಗೊತ್ತಿಲ್ಲವೇ ಎಂದು ಅಕ್ಕಯಮ್ಮ ನೆಲಕ್ಕೆ ಕೋಲು ಕುಟ್ಟಿದರು. ನನಗೆ ಆಗ ಅರ್ಥವಾಯಿತು. ಅರ್ಥವಾದ ಕೂಡಲೇ ನಾಚಿಕೆಯಾಗಬೇಕಿತ್ತು ಎಂದು ಮೀನಾಕ್ಷಮ್ಮ ಇಂದಿಗೂ ಹೇಳುತ್ತಾಳೆ. ನನಗೆ ಬಂದದ್ದು ಕೋಪ.

"ನಮ್ಮ ಕಾಯಿ ಎಲ್ಲೈತ್ರಿ? ಹೊಳ್ಳಿ ಕೊಡ್ರಿ," ಎಂದರು ಭೀಮಪ್ಪ.

ಅವರ ಕಾಯಿ ಅವರ ಕೈಯಲ್ಲೇ ಇತ್ತು, ಹೋಳಿಗೆಯೊಳಗೆ. ಮೀನಾಕ್ಷಮ್ಮ ತಲೆ ತಗ್ಗಿಸಿದಳು. ಅವರು ಕೈಯಲ್ಲಿದ್ದ ತುಂಡನ್ನು ನೋಡಿದರು, ಸ್ವಲ್ಪ ಯೋಚಿಸಿದರು, ತಿಂದುಬಿಟ್ಟರು.

ಇಷ್ಟು ಜನ ಸೇರಿ ಒಬ್ಬ ಪ್ರಾಮಾಣಿಕನನ್ನು ಸುಳ್ಳುಗಾರನನ್ನಾಗಿ ಮಾಡುವುದನ್ನು ನಾನು ಸಹಿಸಲಿಲ್ಲ. ಲ್ಯಾಪ್‌ಟಾಪ್ ನೋಡಲು ಬಂದೆ ಎಂದು ಹೊಸ್ತಿಲಲ್ಲೇ ಹೇಳಿದ್ದೆ ಎಂದು ಕೂಗಿದೆ. ಸಾಕ್ಷಿ ಬೇಕೇ ಎಂದು ಜೇಬಿನಿಂದ ಚೀಟಿ ತೆಗೆದು ರುದ್ರಮ್ಮನವರ ಕೈಗೆ ಕೊಟ್ಟೆ. ಅವರು ಕನ್ನಡಕ ಏರಿಸಿ ಓದಿದರು. ಮೂರು ವಿಳಾಸ. ಪ್ರತಿ ವಿಳಾಸದ ಕೆಳಗೆ ಯಂತ್ರದ ತೂಕ, ಬ್ಯಾಟರಿ ನಡೆದ ಹೊತ್ತು, ಮುಟ್ಟಿದರೆ ಎಷ್ಟು ಬಿಸಿ. ಬೇರೆ ಒಂದು ಅಕ್ಷರವಿಲ್ಲ. ಅವರಿಗೆ ನಂಬಿಕೆ ಬಂತು, ಆದರೆ ಕೋಪ ಇಳಿಯಲಿಲ್ಲ, ಇನ್ನೂ ಏರಿತು.

"ನನ್ನ ಮಗನ ಬಗ್ಗೆ ಒಂದು ಸಾಲೂ ಬರ್ದಿಲ್ವಲ್ಲ ನೀವು," ಎಂದರು.

ನನಗೆ ತಡೆಯಲಾಗಲಿಲ್ಲ. ನಲವತ್ತು ದಿನದಿಂದ ಬಿಸಿಲಿನಲ್ಲಿ ಅಲೆದವನು ನಾನು. ಹೂವು ಹಣ್ಣು ಕಟ್ಟಿಕೊಂಡು ವ್ಯಾನು ಮಾಡಿಕೊಂಡು ಬಂದವರು ಇವರು. ಕುರ್ಚಿಯ ಮೇಲೆ ಕೈಯಿಟ್ಟು, ಪತ್ರಿಕೆಗೆ ಬರೆಯುವ ಧಾಟಿಯಲ್ಲೇ ಹೇಳಿದೆ.

"ಯಾರಿಗೆ ಬೇಕಾಗಿದ್ಯೋ ಆ ಹುಡುಗೀನ ಒಂದು ಮಾತು ಕೇಳ್ದೆ, ಎಲ್ಲಾ ನೀವು ನೀವೇ ತೀರ್ಮಾನ ಮಾಡ್ಕೊಂಡು ಬಂದುಬಿಟ್ರಲ್ಲ, ನಾಚ್ಕೆ ಆಗಲ್ವಾ?"

ಅಡುಗೆಮನೆಯ ಬಾಗಿಲಲ್ಲಿ ಐಶ್ವರ್ಯ ನಿಂತಿದ್ದಳು. ಮಾಮೂಲಿ ಮನೆಯ ಉಡುಪು, ಬೆರಳಿಗೆ ಪೆನ್ಸಿಲ್ಲಿನ ಮಸಿ. ನೇರವಾಗಿ ರುದ್ರಮ್ಮನವರ ಹತ್ತಿರ ಬಂದು ಚೀಟಿ ಇಸಿದುಕೊಂಡಳು, ಅದನ್ನು ತಿರುಗಿಸಿ ಅವರ ಕೈಗೇ ಮತ್ತೆ ಕೊಟ್ಟಳು. ದಯವಿಟ್ಟು ಗಟ್ಟಿಯಾಗಿ ಓದಿ ಮೇಡಂ ಎಂದಳು. ರುದ್ರಮ್ಮನವರು ತರಗತಿಯಲ್ಲಿ ಓದುವ ಹಾಗೆ ಓದಿದರು.

ಇವರಿಂದ, ಐಶ್ವರ್ಯ. ಇವರಿಗೆ, ಅಪ್ಪಾಜಿಯವರು. ವಿಷಯ, ಲ್ಯಾಪ್‌ಟಾಪ್ ಬೇಕಾಗಿರುವ ಬಗ್ಗೆ. ಕಟ್ಟಡದ ಚಿತ್ರಗಳನ್ನು ಎಲ್ಲ ಕಡೆಯಿಂದ ತಿರುಗಿಸಿ ನೋಡಬೇಕಾದ್ದರಿಂದ ಗ್ರಾಫಿಕ್ಸ್ ಕಾರ್ಡ್ ಬೇರೆಯಾಗಿ ಇರಬೇಕು. ಮೆಮೊರಿ ಹೆಚ್ಚಿಸಲು ಬರಬೇಕು. ಪರದೆ ದೊಡ್ಡದಿರಲಿ. ಬ್ಯಾಟರಿ ಹೇಗಿದ್ದರೂ ನಡೆಯುತ್ತದೆ. ತೂಕ ಎಷ್ಟಿದ್ದರೂ ಪರವಾಗಿಲ್ಲ, ಅದು ಮೇಜಿನ ಮೇಲೇ ಇರುತ್ತದೆ. ನಾನು ಮೂರು ಅಂಗಡಿಗಳಲ್ಲಿ ಬೆಲೆ ಕೇಳಿ ಬಂದಿದ್ದೇನೆ. ಎಸ್.ಪಿ. ರಸ್ತೆಯ ಅಂಗಡಿಯಲ್ಲಿ ಐವತ್ತಮೂರು ಸಾವಿರ, ಅದೇ ಕಡಿಮೆ. ಇಂತಿ, ಸಹಿ.

ಅರ್ಜಿಯನ್ನು ಹೀಗೇ ಬರೆಯಬೇಕು ಎಂದು ಅವಳಿಗೆ ಹೇಳಿಕೊಟ್ಟವನು ನಾನೇ. ಸಹಿ ಇಲ್ಲದೆ, ತಾರೀಖು ಇಲ್ಲದೆ ಬರೆಯಬಾರದು ಎಂದೂ ಹೇಳಿಕೊಟ್ಟಿದ್ದೆ. ರುದ್ರಮ್ಮನವರು ತಾರೀಖನ್ನೂ ಓದಿದರು. ಇಪ್ಪತ್ತೆಂಟು, ಎರಡು, ಎರಡು ಸಾವಿರದ ಐದು. ಮನಸ್ಸಿನಲ್ಲೇ ಕೂಡಿ, ಇವತ್ತಿಗೆ ನಲವತ್ತೊಂದು ದಿನ ಎಂದರು.



"ಕಂಬ ನಮ್ಮನೆ ಮುಂದೇ ಇದೆ," ಎಂದಳು ಮೀನಾಕ್ಷಮ್ಮ.

ನಾನು ತಕ್ಕಡಿಯ ತಟ್ಟೆ ಒರೆಸತೊಡಗಿದೆ. ಇಪ್ಪತ್ತೊಂಬತ್ತು ವರ್ಷದ ಸರ್ವೀಸಿನಲ್ಲಿ ನನ್ನ ಮೇಲೆ ಒಂದು ದೂರು ಬಂದಿರಲಿಲ್ಲ. ಬಂದದ್ದು ನನ್ನ ಜೇಬಿನಲ್ಲೇ ಇತ್ತು. ಅಷ್ಟರಲ್ಲಿ ಆ ತಲೆಹರಟೆ ರವಿಕುಮಾರ ಚೀಟಿಯನ್ನು ಇಸಿದುಕೊಂಡು ನೋಡಿ, ಅಂಕಲ್, ನಮ್ಮ ಮೂರರಲ್ಲಿ ಒಂದರಲ್ಲೂ ಇವರ ಕೆಲಸ ನಡೆಯುವುದಿಲ್ಲ ಎಂದ. ಸುಮನ್ ಬಗ್ಗಿ ನೋಡಿದ, ಮುತ್ತುರಾಜನೂ ಹೌದೆಂದ. ಮೂವರೂ ಬಂದ ಕೆಲಸವನ್ನು ಮರೆತು ಗ್ರಾಫಿಕ್ಸ್ ಕಾರ್ಡಿನ ಬಗ್ಗೆ ಚರ್ಚೆಗೆ ಕೂತರು. ಮೂವರ ಮುಖದಲ್ಲೂ ಆ ದಿನ ಮೊದಲ ಬಾರಿಗೆ ಸಮಾಧಾನ ಕಂಡಿತು. ಅವರನ್ನು ಕೂಡ ಯಾರೂ ಕೇಳಿ ಕರೆತಂದಿರಲಿಲ್ಲ ಎಂದು ಕಾಣುತ್ತದೆ.

ಐಶ್ವರ್ಯ ಎಲ್ಲರಿಗೂ ಕೈ ಮುಗಿದಳು.

"ಮೇ ಹತ್ತಕ್ಕೆ ನಾನು ಸಾರಕ್ಕಿ ಮಾರ್ಕೆಟ್ ಕಟ್ಟಿ ಕೊಡ್ಬೇಕು. ಅಲ್ಲೀತನಕ ದಯವಿಟ್ಟು ನನ್ನನ್ನ ಯಾರೂ ನೋಡೋಕೆ ಬರ್ಬೇಡಿ. ಆಮೇಲೂ ಬರೋಕೆ ಮುಂಚೆ ನನ್ನನ್ನೇ ಕೇಳಿ."

ಅಕ್ಕಯಮ್ಮ ಕೋಲು ಊರಿಕೊಂಡು ಎದ್ದು, ಈ ಮನೆಯಲ್ಲಿ ಗಟ್ಟಿ ಮನುಷ್ಯರು ಯಾರೆಂದು ನಾನು ತಪ್ಪಾಗಿ ಹೇಳಿದ್ದೆ ಎಂದರು. ಹುಡುಗಿ ಶಾಣ್ಯಾ ಅದಾಳ ಎಂದು ಭೀಮಪ್ಪನವರು ಇನ್ನೊಂದು ಹೋಳಿಗೆ ತೆಗೆದುಕೊಂಡರು. ಯಮಗಂಡ ಕಾಲಕ್ಕೆ ಮೊದಲೇ ಎಲ್ಲರೂ ಹೊರಟರು. ಮಾರನೆಯ ದಿನ ಬೆಳಿಗ್ಗೆ ಬೈರಣ್ಣನ ಹತ್ತಿರ ಮೂರು ದೊಡ್ಡ ತೆಂಗಿನಕಾಯಿ ಕೊಂಡು ಮೂರು ಮನೆಗೂ ಹೋಗಿ ಒಪ್ಪಿಸಿ ಬಂದೆ. ರುದ್ರಮ್ಮನವರು ಕಾಯಿಯನ್ನು ಕೈಯಲ್ಲಿ ತೂಗಿ ನೋಡಿ ಒಳಗಿಟ್ಟರು. ಖಣದ ಮಾತು ಎತ್ತಿದ್ದಕ್ಕೆ ರೇಣವ್ವ, ಉಟ್ಟ ಬಟ್ಟೆ ಯಾರು ಕೇಳುತ್ತಾರೆ ಎಂದು ನಕ್ಕರು. ಆದರೂ ಕೇಳುತ್ತೇನೆ, ಇಷ್ಟು ರಂಪಕ್ಕೆ ಒಬ್ಬರಾದರೂ ನನ್ನ ಕ್ಷಮೆ ಕೇಳಿದರೇ?

ಅಂದೇ ಮಧ್ಯಾಹ್ನ ರಜೆ ಹಾಕಿ ಮಗಳ ಜೊತೆ ಎಸ್.ಪಿ. ರಸ್ತೆಗೆ ಹೋದೆ. ಅಂಗಡಿಯವನು ಅವಳನ್ನು ದಾಟಿ ನನ್ನ ಮುಂದೆ ಬಂದು ನಿಂತು, ಬಜೆಟ್ ಎಷ್ಟು ಸಾರ್, ಏನು ಅಗತ್ಯ ಎಂದು ಕೇಳಿದ. ನನಗೆ ಮತ್ತೆ ರೇಗಿತು.

"ನನ್ನನ್ನ ಏನ್ರೀ ಕೇಳ್ತೀರಾ? ಅವಳನ್ನ ಕೇಳ್ರೀ," ಎಂದೆ. ಅಂಗಡಿಯ ಉಳಿದ ಗಿರಾಕಿಗಳೂ ತಿರುಗಿ ನೋಡಿದರು.

ಸಂಜೆ ಮನೆಯ ವರಾಂಡದಲ್ಲಿ ಲ್ಯಾಪ್‌ಟಾಪ್ ಇಟ್ಟು ಮೀನಾಕ್ಷಮ್ಮ ವಿಭೂತಿ ಹಚ್ಚಿ ಹೂವಿಟ್ಟಳು. ಮನೆಯಲ್ಲಿ ಒಂದೂ ತೆಂಗಿನಕಾಯಿ ಉಳಿದಿರಲಿಲ್ಲ, ಬಾಳೆಹಣ್ಣಿನಲ್ಲೇ ಪೂಜೆ ಮುಗಿಯಿತು. ಡಬ್ಬದ ಮೇಲೆ ಮೂರು ಕಿಲೋ ಎಂದಿತ್ತು. ನಾನು ತಕ್ಕಡಿ ತಂದೆ. ಐಶ್ವರ್ಯ ಆಗಲೇ ಅದನ್ನು ತೆರೆದು ಕೂತು, ಮಾರುಕಟ್ಟೆಯ ಹೂವಿನ ಅಂಗಡಿಗಳ ಸಾಲನ್ನು ಪರದೆಯ ಮೇಲೆ ಎಳೆಯುತ್ತಿದ್ದಳು. ಎಬ್ಬಿಸಲು ಮನಸ್ಸಾಗದೆ ತಕ್ಕಡಿ ಹಿಡಿದು ನಿಂತುಕೊಂಡೆ.

ಕಾಂಪೌಂಡಿನ ಆಚೆಯಿಂದ ಕಮಲಾದೇವಿಯ ತಲೆ ಕಾಣಿಸಿತು. ಹೊಸ ಲ್ಯಾಪ್‌ಟಾಪನ್ನೂ ಅದರ ಮೇಲಿನ ಹೂವನ್ನೂ ನೋಡಿ ಅವಳ ಮುಖ ಅರಳಿತು.

"ಕೊನೆಗೂ ಕುದುರ್ತಾ? ಯಾವ ಹುಡುಗನ ಕಡೆಯವ್ರು ಕೊಟ್ರು?"

ನಾನು ಉಸಿರು ಎಳೆದುಕೊಂಡೆ. ಅವಳಿಗೂ ಅವಳ ಎಂಟು ಕುರ್ಚಿಗಳಿಗೂ ಸೇರಿಸಿ ಹೇಳಬೇಕಾದ ಮಾತು ನಾಲಿಗೆಯ ತುದಿಗೆ ಬಂದಿತ್ತು. ಅಷ್ಟರಲ್ಲಿ ಐಶ್ವರ್ಯ ಪರದೆಯಿಂದ ತಲೆ ಎತ್ತದೆ ಹೇಳಿದಳು.

"ಹುಡುಗಿ ಕಡೆಯವ್ರು ಕೊಟ್ಟಿದ್ದು ಆಂಟಿ."

ನಾನು ತಕ್ಕಡಿಯನ್ನು ಚೀಲದೊಳಗೆ ಇಟ್ಟೆ.